ಮಂಜುಗಟ್ಟುವ ಕಿಟಕಿಗಳ ಊರಿನಲ್ಲಿ

ಸಿಂಗಪುರದ ಬುಕಿತ್ ಪಂಜಾಂಗ್‌ನಲ್ಲಿ ಓಡುವ ಎಲ್‌ಆರ್‌ಟಿ ರೈಲಿಗೆ ಒಂದು ವಿಶೇಷವಿದೆ. 1999ರ ನವೆಂಬರ್ 6ರಂದು ಶುರುವಾದ ಇದು ಈ ದೇಶದ ಮೊದಲ ಎಲ್‌ಆರ್‌ಟಿ ಮಾರ್ಗ. ಚಾಲಕರಿಲ್ಲದ ಪುಟ್ಟ ಬೋಗಿಗಳು ಎತ್ತರದ ಕಾಂಕ್ರೀಟ್ ದಾರಿಯ ಮೇಲೆ ಫಜಾರ್, ಸೆಗಾರ್, ಜೆಲಪಾಂಗ್, ಸೆಂಜಾ ಎನ್ನುತ್ತ ಬಡಾವಣೆಯನ್ನು ಸುತ್ತಿ ಬರುತ್ತವೆ. ಕೆಲವು ಕಡೆ ಈ ದಾರಿ ವಸತಿ ಕಟ್ಟಡಗಳಿಗೆ ಎಷ್ಟು ಹತ್ತಿರವೆಂದರೆ, ಒಳಗೆ ಯಾರು ಊಟಕ್ಕೆ ಕುಳಿತಿದ್ದಾರೆ, ಯಾರು ಬಟ್ಟೆ ಮಡಚುತ್ತಿದ್ದಾರೆ ಎಂಬುದು ಪ್ರಯಾಣಿಕರಿಗೆ ಕಾಣಬೇಕು. ಕಾಣುವುದಿಲ್ಲ. ಕಟ್ಟಡ ಸಮೀಪಿಸುತ್ತಿದ್ದಂತೆ ರೈಲಿನ ಕಿಟಕಿಗಾಜು ತಾನಾಗಿಯೇ ಮಂಜುಗಟ್ಟುತ್ತದೆ. ಕಟ್ಟಡ ದಾಟಿದ ಮೇಲೆ ಮತ್ತೆ ತಿಳಿಯಾಗುತ್ತದೆ. ಬೇರೆಯವರ ಮನೆಯೊಳಗೆ ಇಣುಕುವುದು ತಪ್ಪು ಎಂಬ ಸಾಮಾನ್ಯ ಮರ್ಯಾದೆಯನ್ನು ಎಂಜಿನಿಯರುಗಳು ಗಾಜಿನಲ್ಲೇ ಅಳವಡಿಸಿದ್ದಾರೆ.

ಇಷ್ಟು ಮರ್ಯಾದೆ ಸಿಕ್ಕಿರುವ ಊರಿನಲ್ಲಿ, ಆ ಮನೆಗಳ ಒಳಗಿರುವ ನಾವು ಎಷ್ಟು ನಿರಾಳವಾಗಿದ್ದೇವೆ? ಹೊರಗಿನವರ ಕಣ್ಣು ಬೀಳದಂತೆ ಯಂತ್ರ ನೋಡಿಕೊಳ್ಳುತ್ತಿದೆ. ಆದರೆ ‘ನಾಲ್ಕು ಜನ ಏನಂದುಕೊಂಡಾರು’ ಎಂಬ ಮಾತು ರೈಲಿನಲ್ಲಿ ಬಂದದ್ದಲ್ಲ. ನಮ್ಮ ಸೂಟ್‌ಕೇಸಿನಲ್ಲಿ, ಸಾರಿನ ಪುಡಿ ಉಪ್ಪಿನಕಾಯಿಯ ಪಕ್ಕದಲ್ಲಿ, ಹಾಸನದಿಂದಲೋ ಧಾರವಾಡದಿಂದಲೋ ವಿಮಾನ ಹತ್ತಿ ಬಂದದ್ದು. ಆ ನಾಲ್ಕು ಜನರಲ್ಲಿ ಇಬ್ಬರು ತೀರಿಕೊಂಡಿರಬಹುದು, ಒಬ್ಬರು ನಮ್ಮನ್ನು ಮರೆತೇ ಹೋಗಿರಬಹುದು, ನಾಲ್ಕನೆಯವರಿಗೆ ತಮ್ಮದೇ ಚಿಂತೆ ಸಾಕಷ್ಟಿರಬಹುದು. ಆದರೂ ಅವರು ನಮ್ಮ ಹಾಲ್‌ನಲ್ಲಿ ಕುಳಿತೇ ಇರುತ್ತಾರೆ. ಮನೆ ಕೊಳ್ಳುವಾಗ, ಮಗುವಿಗೆ ಶಾಲೆ ಆರಿಸುವಾಗ, ಮಗಳು ಯಾರನ್ನು ಮೆಚ್ಚಿದ್ದಾಳೆಂದು ಕೇಳಿದಾಗ ಅವರ ಮುಖ ನೋಡಿಯೇ ನಾವು ಬಾಯಿ ತೆರೆಯುತ್ತೇವೆ.

ಊರಿಂದ ಬರುವ ಫೋನಿನಲ್ಲಿ ಈ ಮಾತು ಸಹಜವಾಗಿಯೇ ಸುಳಿಯುತ್ತದೆ. “ಎಚ್‌ಡಿಬಿ ಅಂದ್ರೆ ಸರ್ಕಾರಿ ಮನೇನಾ? ಇನ್ನೂ ಸ್ವಂತ ಕಾಂಡೋ ತಗೊಂಡಿಲ್ವಾ?” ಎಂದು ಚಿಕ್ಕಪ್ಪ ಕೇಳುತ್ತಾರೆ. ಕೇಳುವವರಿಗೆ ಕೆಟ್ಟ ಉದ್ದೇಶವಿಲ್ಲ. ಸಿಂಗಪುರದ ಹತ್ತರಲ್ಲಿ ಸುಮಾರು ಎಂಟು ಮಂದಿ ಇರುವುದು ವಸತಿ ಮಂಡಳಿ ಕಟ್ಟಿದ ಇಂಥ ಮನೆಗಳಲ್ಲೇ ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು? ಗೊತ್ತಿರುವವರು ನಾವು. ಗೊತ್ತಿದ್ದೂ ಆ ಪ್ರಶ್ನೆ ನಮ್ಮನ್ನು ಚುಚ್ಚುತ್ತದೆ. ಕಾರಿನ ವಿಷಯವೂ ಹೀಗೆಯೇ. ಇಲ್ಲಿ ಕಾರು ಕೊಳ್ಳಬೇಕಾದರೆ ಮೊದಲು ಹತ್ತು ವರ್ಷದ ಹಕ್ಕುಪತ್ರವೊಂದನ್ನು ಹರಾಜಿನಲ್ಲಿ ಪಡೆಯಬೇಕು. 2023ರ ಅಕ್ಟೋಬರಿನಲ್ಲಿ ಸಣ್ಣ ಕಾರಿನ ಹಕ್ಕುಪತ್ರದ ಬೆಲೆಯೇ ಒಂದು ಲಕ್ಷ ಸಿಂಗಪುರ ಡಾಲರ್ ದಾಟಿತ್ತು. ಮನೆಯ ಕೆಳಗೇ ಎಲ್‌ಆರ್‌ಟಿ, ನಾಲ್ಕು ಹೆಜ್ಜೆ ಹೋದರೆ 2015ರ ಕೊನೆಯಲ್ಲಿ ಬಂದ ಡೌನ್‌ಟೌನ್ ಮೆಟ್ರೊ ಮಾರ್ಗ. ಇಷ್ಟಿದ್ದೂ ಕಾರಿಲ್ಲದ್ದಕ್ಕೆ ಮುಜುಗರವಾಗುತ್ತದೆಂದರೆ, ಆ ಮುಜುಗರಕ್ಕೂ ಪ್ರಯಾಣಕ್ಕೂ ಸಂಬಂಧವೇ ಇಲ್ಲ.

ಮನೆ, ಕಾರುಗಳ ಮಾತು ಹೇಗೋ ತೀರುತ್ತದೆ. ಸಾಲ ಮಾಡಿದವರು ಸಾಲ ತೀರಿಸುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ವಿಷಯ.

ಸಿಂಗಪುರದಲ್ಲಿ ಹನ್ನೆರಡು ವರ್ಷದ ಮಗು ಪಿಎಸ್‌ಎಲ್‌ಇ ಎಂಬ ಪರೀಕ್ಷೆ ಬರೆಯುತ್ತದೆ. ಪ್ರಾಥಮಿಕ ಶಾಲೆ ಮುಗಿಸುವ ಈ ಪರೀಕ್ಷೆ 1960ರಿಂದ ನಡೆಯುತ್ತಿದೆ. ಬಹುಕಾಲ ಇದರ ಅಂಕವನ್ನು ಟಿ-ಸ್ಕೋರ್ ಎಂಬ ಲೆಕ್ಕದಲ್ಲಿ ಕೊಡುತ್ತಿದ್ದರು. ಅಂದರೆ ನಿಮ್ಮ ಮಗಳು ಎಷ್ಟು ಬರೆದಳು ಎಂಬುದಷ್ಟೇ ಸಾಲದು, ಆ ವರ್ಷ ಪರೀಕ್ಷೆ ಬರೆದ ಉಳಿದೆಲ್ಲ ಮಕ್ಕಳ ನಡುವೆ ಅವಳು ಎಲ್ಲಿ ನಿಲ್ಲುತ್ತಾಳೆ ಎಂಬುದರ ಮೇಲೆ ಅಂಕ ನಿಂತಿತ್ತು. ಎಲ್ಲರೂ ಚೆನ್ನಾಗಿ ಬರೆದರೆ ಚೆನ್ನಾಗಿ ಬರೆದವಳೂ ಸಾಧಾರಣಳಾಗುತ್ತಿದ್ದಳು. 2021ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು. ಈಗ ನಾಲ್ಕು ವಿಷಯಗಳಿಗೆ ಒಂದರಿಂದ ಎಂಟರವರೆಗೆ ಮಟ್ಟಗಳಿವೆ. 90 ಮತ್ತು ಅದಕ್ಕಿಂತ ಹೆಚ್ಚು ಅಂಕ ತೆಗೆದ ಮಗು ಒಂದನೇ ಮಟ್ಟ, ಪಕ್ಕದ ಡೆಸ್ಕಿನ ಹುಡುಗ 99 ತೆಗೆದಿರಲಿ ಬಿಡಲಿ. ನಾಲ್ಕೂ ವಿಷಯ ಸೇರಿ ಅತ್ಯುತ್ತಮ ಮೊತ್ತ 4. ಅತ್ಯಧಿಕ ಅಂಕ ಪಡೆದವರ ಹೆಸರು ಪ್ರಕಟಿಸುವುದನ್ನು ಶಿಕ್ಷಣ ಸಚಿವಾಲಯ 2012ರಲ್ಲೇ ನಿಲ್ಲಿಸಿತ್ತು. 2024ರಲ್ಲಿ ಪ್ರೌಢಶಾಲೆಗೆ ಸೇರಿದ ಮಕ್ಕಳಿಂದ ಮೊದಲ್ಗೊಂಡು ಎಕ್ಸ್‌ಪ್ರೆಸ್, ನಾರ್ಮಲ್ ಎಂಬ ವಿಭಾಗಗಳೂ ಹೋದವು. ದಶಕಗಳ ಕಾಲ ಮಕ್ಕಳ ಹಣೆಯ ಮೇಲಿದ್ದ ಹೆಸರುಗಳವು. ಈಗ ಗಣಿತದಲ್ಲಿ ಮುಂದಿರುವ ಹುಡುಗಿ ಗಣಿತವನ್ನು ಮೇಲಿನ ಹಂತದಲ್ಲಿ ಓದಬಹುದು, ಕಷ್ಟವೆನಿಸುವ ಇನ್ನೊಂದು ವಿಷಯವನ್ನು ತನಗೆ ಸರಿಹೊಂದುವ ಹಂತದಲ್ಲಿ ಓದಬಹುದು.

ಪೈಪೋಟಿಗೆ ಹೆಸರಾದ ದೇಶವೊಂದು, ಮಗುವನ್ನು ಇನ್ನೊಂದು ಮಗುವಿನ ಪಕ್ಕ ನಿಲ್ಲಿಸಿ ಅಳೆಯುವುದು ಸರಿಯಲ್ಲ ಎಂದು ಹೀಗೆ ಒಂದೊಂದಾಗಿ ತನ್ನ ನಿಯಮ ತಿದ್ದಿಕೊಂಡದ್ದು ನನಗೆ ದೊಡ್ಡ ವಿಷಯವೆನಿಸುತ್ತದೆ. ಆದರೆ ಮನೆಗಳಿಗೆ ಸುತ್ತೋಲೆ ಕಳಿಸಲು ಯಾವ ಸಚಿವಾಲಯಕ್ಕೂ ಆಗುವುದಿಲ್ಲ. ಫಲಿತಾಂಶದ ದಿನ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ “ನಿಮ್ಮೋನಿಗೆ ಎಷ್ಟು ಬಂತು?” ಎಂಬ ಪ್ರಶ್ನೆ ಬರುತ್ತದೆ. ಟಿ-ಸ್ಕೋರ್ ಸತ್ತದ್ದು ಕಾಗದದಲ್ಲಿ. ನಮ್ಮ ಊಟದ ಮೇಜಿನಲ್ಲಿ ಅದು ಇನ್ನೂ ಉಸಿರಾಡುತ್ತಿದೆ.

ಕರ್ನಾಟಕದಿಂದ ಬಂದ ನಮಗೆ ಇದು ಹೊಸದೂ ಅಲ್ಲ. ಪಿಯುಸಿಯಲ್ಲಿ ವಿಜ್ಞಾನ ತಗೊಳ್ಳಲಿಲ್ಲವೆಂದರೆ ಹುಡುಗ ದಡ್ಡ, ಸಿಇಟಿಯಲ್ಲಿ ರ‍್ಯಾಂಕ್ ಬರಲಿಲ್ಲವೆಂದರೆ ಮನೆಯಲ್ಲಿ ಸೂತಕ. ನಮ್ಮಲ್ಲಿ ಅನೇಕರು ಎಂಜಿನಿಯರುಗಳಾದದ್ದು ಯಂತ್ರಗಳ ಮೇಲಿನ ಪ್ರೀತಿಯಿಂದ ಆಗಿರಲಿಲ್ಲ. ಹಾಗೆ ಆದವರಲ್ಲಿ ಆ ಕೆಲಸವನ್ನು ಆಮೇಲೆ ಪ್ರೀತಿಸಲು ಕಲಿತವರೂ ಇದ್ದಾರೆ, ಅವರ ಬದುಕನ್ನು ಸುಳ್ಳೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಕಲಿಯದೆ ಉಳಿದವರು, ಇಪ್ಪತ್ತು ವರ್ಷ ಸಂಬಳ ತಂದ ಮೇಲೂ ಭಾನುವಾರದ ಸಂಜೆ ಎದೆ ಭಾರವಾಗುವವರು, ತಮಗೆ ಏನಾಗಬೇಕಿತ್ತು ಎಂಬುದನ್ನೇ ಮರೆತಿರುತ್ತಾರೆ. ಕೇಳಿ ನೋಡಿ. “ಏನಾಗಬೇಕು ಅಂತಿತ್ತು ನಿಮಗೆ?” ಅಂದರೆ ಬಹಳ ಹೊತ್ತು ಯೋಚಿಸುತ್ತಾರೆ.

ಭಾಷೆಯ ವಿಷಯದಲ್ಲಿ ಈ ಮರೆವು ಇನ್ನೂ ಸದ್ದಿಲ್ಲದೆ ನಡೆಯುತ್ತದೆ. ಇಲ್ಲಿನ ಶಾಲೆಗಳಲ್ಲಿ ಇಂಗ್ಲಿಷಿನ ಜೊತೆ ಪ್ರತಿ ಮಗುವೂ ಒಂದು ಮಾತೃಭಾಷೆ ಓದಬೇಕು. ಭಾರತೀಯ ಮೂಲದ ಮಕ್ಕಳಿಗೆ ತಮಿಳು ಇದೆ, ಅದು ಬಿಟ್ಟರೆ ಹಿಂದಿ, ಪಂಜಾಬಿ, ಬಂಗಾಳಿ, ಗುಜರಾತಿ, ಉರ್ದು. ಕನ್ನಡ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ಕನ್ನಡದ ಮಗು ಹಿಂದಿಯನ್ನೋ ತಮಿಳನ್ನೋ ಮಾತೃಭಾಷೆ ಎಂದು ಓದಿ, ಪಿಎಸ್‌ಎಲ್‌ಇಯಲ್ಲಿ ಅದಕ್ಕೂ ಮಟ್ಟ ಪಡೆಯುತ್ತದೆ. ಸಣ್ಣ ದೇಶ ಎಲ್ಲ ಭಾಷೆಗೂ ಶಿಕ್ಷಕರನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು, ನನ್ನ ತಕರಾರು ಅಲ್ಲಿಲ್ಲ. ಆದರೆ ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೇ ಮನೆಯಲ್ಲೂ ಕನ್ನಡ ನಿಲ್ಲುತ್ತದೆ. ಲಿಫ್ಟ್‌ನಲ್ಲಿ ಬೇರೆಯವರಿದ್ದರೆ ಮಗುವಿನ ಜೊತೆ ಇಂಗ್ಲಿಷಿಗೆ ಹೊರಳುತ್ತೇವೆ. ಯಾರೂ ಹಾಗೆ ಮಾಡೆಂದು ಹೇಳಿಲ್ಲ. ಪಕ್ಕದಲ್ಲಿ ನಿಂತ ಚೀನೀ ಅಜ್ಜಿ ತನ್ನ ಮೊಮ್ಮಗನ ಜೊತೆ ಹೊಕ್ಕಿಯನ್‌ನಲ್ಲೇ ಗದರುತ್ತಿರುತ್ತಾಳೆ. ಮಲಯ್ ತಾಯಿ ಮಲಯ್‌ನಲ್ಲೇ ಮುದ್ದು ಮಾಡುತ್ತಿರುತ್ತಾಳೆ. ನಾಚಿಕೆ ಪಟ್ಟವರು ನಾವೊಬ್ಬರೇ, ಅದೂ ಯಾರೂ ಕೇಳದ ಕ್ಷಮೆಯನ್ನು ಕೋರುವವರ ಹಾಗೆ.

ನಾವಿರುವ ಎಚ್‌ಡಿಬಿ ಕಟ್ಟಡಗಳ ಕೆಳಗೆ, ಕಂಬಗಳ ನಡುವೆ, ಎಲ್ಲರಿಗೂ ಸೇರಿದ ತೆರೆದ ಜಾಗವಿರುತ್ತದೆ. ವಾಯ್ಡ್ ಡೆಕ್ ಎನ್ನುತ್ತಾರೆ. ಒಂದು ಶನಿವಾರ ಅಲ್ಲಿ ಬಣ್ಣದ ಪರದೆ ಕಟ್ಟಿ ಮಲಯ್ ಮದುವೆಯ ಊಟ ನಡೆದರೆ, ಇನ್ನೊಂದು ವಾರ ಅದೇ ಜಾಗದಲ್ಲಿ ಚೀನೀ ಮನೆಯ ಶವವಿಟ್ಟು ರಾತ್ರಿಯಿಡೀ ನೆಂಟರು ಕಾಯುತ್ತ ಕುಳಿತಿರುತ್ತಾರೆ. ದಾರಿಹೋಕರು ತಮ್ಮ ಪಾಡಿಗೆ ದಾಟಿ ಲಿಫ್ಟ್ ಏರುತ್ತಾರೆ. ನಾಲ್ಕು ಬಗೆಯ ಬದುಕು ಒಂದೇ ನೆಲದ ಮೇಲೆ ತಂತಮ್ಮ ರೀತಿಯಲ್ಲಿ ನಡೆಯುವುದನ್ನು ಇಷ್ಟು ಹತ್ತಿರದಿಂದ ನೋಡುವ ನಾವು ನಮ್ಮ ರೀತಿಯನ್ನು ಮಾತ್ರ ಬಚ್ಚಿಡುವುದೇಕೆ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರ ಬೇಕು. ‘ನಿನಗನಿಸಿದ ಹಾಗೆ ಬದುಕು’ ಎಂಬ ಮಾತನ್ನು ಈಗ ಎಲ್ಲರೂ ಹೇಳುತ್ತಾರೆ, ಅದನ್ನು ಹೇಳುವುದು ಬಹಳ ಸುಲಭ. ಅಪ್ಪ ತೋಟ ಅಡವಿಟ್ಟು ಓದಿಸಿದ್ದರೆ ಅವರ ನಿರೀಕ್ಷೆಯನ್ನು ಹೊರಗಿನವರ ಒತ್ತಡವೆಂದು ತಳ್ಳಿಹಾಕುವುದು ಕೃತಘ್ನತೆ. ನಿರೀಕ್ಷೆಯೆಂದರೆ ಎಷ್ಟೋ ಸಲ, ಪ್ರೀತಿಯು ತನಗೆ ಗೊತ್ತಿರುವ ಒಂದೇ ಮಾತಿನಲ್ಲಿ ತೋರುವ ಕಾಳಜಿ. ವಲಸೆ ಬಂದವರ ಭಯಕ್ಕೂ ನಿಜವಾದ ಕಾರಣಗಳಿವೆ. ಕೆಲಸದ ಪರವಾನಗಿಯ ಮೇಲೆ ಇಲ್ಲಿರುವವನಿಗೆ ಕೆಲಸ ಹೋದರೆ ಇರುವ ಹಕ್ಕೂ ಹೋಗುತ್ತದೆ, ಹೆಂಡತಿ ಮಕ್ಕಳ ಪಾಸೂ ಅದಕ್ಕೇ ಕಟ್ಟುಬಿದ್ದಿರುತ್ತದೆ. ಅಂಥವನಿಗೆ ‘ಮನಸ್ಸಿನ ಮಾತು ಕೇಳು, ರಾಜೀನಾಮೆ ಕೊಡು’ ಎನ್ನುವವರು ಅವನ ಮನೆಯ ಬಾಡಿಗೆ ಕಟ್ಟುವುದಿಲ್ಲ.

ಆದ್ದರಿಂದ ಕರ್ತವ್ಯವನ್ನೂ ಮೆಚ್ಚುಗೆಯ ಹಂಬಲವನ್ನೂ ಬಿಡಿಸಿ ನೋಡುವುದನ್ನು ಕಲಿಯಬೇಕು. ಕಾಯಂ ನಿವಾಸಿಗಳಾದ ದಂಪತಿಯ ಮಗನೂ ತಂದೆತಾಯಿಯ ಜೊತೆ ಆ ಸ್ಥಾನ ಪಡೆದಿದ್ದರೆ ಇಲ್ಲಿ ಎರಡು ವರ್ಷ ರಾಷ್ಟ್ರಸೇವೆ ಮಾಡಬೇಕು. ಅದು ಕರ್ತವ್ಯ, ಈ ನೆಲದ ಅನ್ನ ಉಂಡದ್ದಕ್ಕೆ ಸಲ್ಲಬೇಕಾದ್ದು. ಊರಲ್ಲಿರುವ ಅಮ್ಮನ ಔಷಧಿಗೆ ತಿಂಗಳು ತಿಂಗಳು ಹಣ ಕಳಿಸುವುದು ಕರ್ತವ್ಯ. ಆದರೆ ಅಮ್ಮನ ಔಷಧಿಗೆ ಬೇಕಾದ ಹಣದಲ್ಲಿ ನೆಂಟರೆದುರು ತೋರಿಸಲು ಅದ್ದೂರಿ ಗೃಹಪ್ರವೇಶ ಮಾಡುವುದು? ಎರಡನ್ನೂ ನಾವು ‘ಮಾಡಲೇಬೇಕಲ್ಲ’ ಎಂಬ ಒಂದೇ ಧ್ವನಿಯಲ್ಲಿ ಹೇಳುತ್ತೇವೆ. ನನಗೆ ತೋಚಿದ ಪರೀಕ್ಷೆ ಒಂದೇ: ಯಾರಿಗೂ ಗೊತ್ತಾಗದಿದ್ದರೂ ಇದನ್ನು ಮಾಡುತ್ತಿದ್ದೆನೇ? ಹಣ ಕಳಿಸುವುದನ್ನು ಯಾರಿಗೂ ಗೊತ್ತಾಗದಿದ್ದರೂ ಮಾಡುತ್ತೇವೆ. ಗೃಹಪ್ರವೇಶಕ್ಕೆ ಮಾತ್ರ ನೋಡುವವರು ಬೇಕು.

ಇಷ್ಟು ತಿಳಿದವರಿಗೂ ಬದಲಾಗುವುದು ಕಷ್ಟವಾಗುತ್ತದೆ. ಯಾಕೆ ಎಂಬುದಕ್ಕೆ ಸಾಲಮನ್ ಆಶ್ ಎಂಬ ಮನೋವಿಜ್ಞಾನಿ 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆಸಿದ ಪ್ರಯೋಗ ಬೆಳಕು ಚೆಲ್ಲುತ್ತದೆ. ಒಂದು ಕೋಣೆಯಲ್ಲಿ ಕೆಲವು ಜನ. ಅವರ ಮುಂದೆ ಒಂದು ಗೆರೆ, ಪಕ್ಕದಲ್ಲಿ ಬೇರೆ ಬೇರೆ ಉದ್ದದ ಮೂರು ಗೆರೆ. ಯಾವುದು ಮೊದಲ ಗೆರೆಯಷ್ಟೇ ಉದ್ದ ಎಂದು ಹೇಳಬೇಕು. ಚಿಕ್ಕ ಮಗುವಿಗೂ ಗೊತ್ತಾಗುವಷ್ಟು ಸ್ಪಷ್ಟ. ಆದರೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಹೇಳುತ್ತ ಬಂದರು. ಕೊನೆಗೆ ಸರದಿ ಬಂದ ಆ ಒಬ್ಬ, ತನ್ನ ಕಣ್ಣಿಗೆ ಕಾಣುತ್ತಿದ್ದುದನ್ನು ಬಿಟ್ಟು, ಸುಮಾರು ಮೂರರಲ್ಲೊಂದು ಸಲ ಗುಂಪಿನ ತಪ್ಪನ್ನೇ ಹೇಳಿದ. ಹೀಗೆ ಒಮ್ಮೆಯಾದರೂ ಜಾರಿದವರು ನಾಲ್ವರಲ್ಲಿ ಮೂವರು.

ಈ ಪ್ರಯೋಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಮನುಷ್ಯ ಕುರಿಮಂದೆ ಎನ್ನುತ್ತಾರೆ. ಅದರ ಮುಂದಿನ ಭಾಗವೇ ಮುಖ್ಯವಾದದ್ದು. ಆ ಗುಂಪಿನಲ್ಲಿ ಸರಿಯುತ್ತರ ಹೇಳುವ ಇನ್ನೊಬ್ಬನನ್ನು, ಒಬ್ಬನೇ ಒಬ್ಬನನ್ನು, ಆಶ್ ಸೇರಿಸಿ ನೋಡಿದರು. ಗುಂಪಿಗೆ ಮಣಿಯುವುದು ಮೊದಲಿನ ಕಾಲುಭಾಗಕ್ಕೆ ಇಳಿಯಿತು. ಉಳಿದವರೆಲ್ಲ ತಪ್ಪನ್ನೇ ಹೇಳುತ್ತಿದ್ದರು, ಕೋಣೆ ಅದೇ, ಗೆರೆಗಳೂ ಅವೇ. ಪಕ್ಕದಲ್ಲಿ ಒಬ್ಬ ತನಗೆ ಕಂಡದ್ದನ್ನು ಹೇಳಿದ, ಅಷ್ಟೇ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ತಾನು ತಾನಾಗಿ ಬದುಕುವುದೆಂದರೆ ಲೋಕವನ್ನೆಲ್ಲ ಎದುರು ಹಾಕಿಕೊಂಡ ಒಂಟಿ ವೀರನ ಚಿತ್ರವನ್ನೇ ನಾವು ಬರೆದುಕೊಳ್ಳುತ್ತೇವೆ. ನಮ್ಮದೇ ನೆಲದ ಕಥೆಗಳು ಹಾಗೆ ಹೇಳುವುದಿಲ್ಲ. ಹನ್ನೆರಡನೇ ಶತಮಾನದ ಅಕ್ಕಮಹಾದೇವಿ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟಳೆಂಬುದನ್ನು ಎಲ್ಲರೂ ನೆನೆಯುತ್ತಾರೆ. ಅವಳು ಉಡುತಡಿಯಿಂದ ನಡೆದದ್ದು ಎಲ್ಲಿಗೆ ಎಂಬುದನ್ನು ಅಷ್ಟು ನೆನೆಯುವುದಿಲ್ಲ. ಶ್ರೀಶೈಲದ ಕದಳಿಗೆ ಹೋಗುವ ಮೊದಲು ಅವಳು ಹೋದದ್ದು ಕಲ್ಯಾಣಕ್ಕೆ, ಶರಣರು ಕೂಡುವ ಜಾಗಕ್ಕೆ. ಅಲ್ಲಮ ಅವಳನ್ನು ಕಠಿಣವಾಗಿಯೇ ಪ್ರಶ್ನಿಸಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಅವರೆಲ್ಲ ಅವಳನ್ನು ಅಕ್ಕ ಎಂದರು. ಅಷ್ಟು ದೊಡ್ಡ ಧೈರ್ಯಕ್ಕೂ ತನ್ನನ್ನು ಅರ್ಥಮಾಡಿಕೊಳ್ಳಬಲ್ಲ ಜನ ಬೇಕೆನಿಸಿತ್ತು.

ನಮ್ಮ ಕಾಲದಲ್ಲಿ ಮಂಜಮ್ಮ ಜೋಗತಿಯವರಿದ್ದಾರೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ತಾನು ಹೆಣ್ಣು ಎಂಬುದು ಹದಿಹರೆಯದಲ್ಲಿ ಅವರಿಗೆ ಗೊತ್ತಾಯಿತು, ಮನೆಯವರಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ. 1975ರಲ್ಲಿ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಅವರಿಗೆ ಜೋಗಪ್ಪನ ದೀಕ್ಷೆಯಾಯಿತು. ಆಮೇಲೆ ಮನೆಯಿಲ್ಲ, ಭಿಕ್ಷೆಯೇ ಜೀವನ, ಸಾಯಲು ವಿಷ ಕುಡಿದದ್ದೂ ಆಯಿತು. ಬದುಕು ತಿರುಗಿದ್ದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಮಗನನ್ನೂ ಜೊತೆಗಿದ್ದ ತಂದೆಯನ್ನೂ ಕಂಡಾಗ. ಮಟ್ಟಿಕಲ್ಲು ಬಸಪ್ಪ ಎಂಬವರು ಆ ಕುಣಿತ ಕಲಿಸಿದರು. ಆಮೇಲೆ ಕಾಳವ್ವ ಜೋಗತಿ ತಮ್ಮ ತಂಡಕ್ಕೆ ಸೇರಿಸಿಕೊಂಡರು. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಆ ಚಿತ್ರ ಎಲ್ಲರ ಫೋನಿನಲ್ಲೂ ಬಂತು. ನನಗೆ ಅದಕ್ಕಿಂತ ಹಿಂದಿನದು ಮುಖ್ಯ. ಯಾರಿಗೂ ಬೇಡವಾಗಿದ್ದ ಒಂದು ಜೀವಕ್ಕೆ “ಬಾ, ಕಲಿಸುತ್ತೇನೆ” ಎನ್ನಲು ಒಬ್ಬರು ಸಿಕ್ಕರು. ಹಾಗೆ ಕಲಿಸಿದವರಿಗೆ ಪದ್ಮಶ್ರೀ ಇರಲಿಲ್ಲ, ಅಕಾಡೆಮಿ ಇರಲಿಲ್ಲ. ಆಶ್‌ರ ಕೋಣೆಯಲ್ಲಿ ಸರಿಯುತ್ತರ ಹೇಳಿದ ಆ ಇನ್ನೊಬ್ಬ ಅವರೇ.

ಹಾಗಾದರೆ ‘ನಾನು ಹೇಗೆ ನನ್ನಂತೆ ಬದುಕಲಿ’ ಎಂಬ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟುಕೊಳ್ಳಬೇಕಾಗುತ್ತದೆ: ನಾನು ಯಾರ ಪಾಲಿಗೆ ‘ನಾಲ್ಕು ಜನ’ರಲ್ಲಿ ಒಬ್ಬನಾಗಿದ್ದೇನೆ? ಇದು ಹೆಚ್ಚು ನೋವಿನ ಪ್ರಶ್ನೆ. ಯಾಕೆಂದರೆ ನಾಲ್ಕು ಜನರ ಕೈಯಲ್ಲಿ ನರಳಿದ ಕಥೆ ಎಲ್ಲರ ಬಳಿಯೂ ಇದೆ, ಆ ನಾಲ್ವರಲ್ಲಿ ನಾನಿದ್ದೆ ಎನ್ನುವವರು ಸಿಗುವುದಿಲ್ಲ. ಕಾಂಡೋ ತಗೊಂಡ್ರಾ ಎಂದು ಕೇಳುವ ಚಿಕ್ಕಪ್ಪ ದೂರದಲ್ಲಿಲ್ಲ. ಹೊಸದಾಗಿ ಬಂದ ದಂಪತಿಯನ್ನು “ಯಾವ ಕಂಪನಿ? ಪಿಆರ್ ಆಯ್ತಾ? ಇನ್ನೂ ಮಕ್ಕಳು ಮಾಡ್ಕೊಂಡಿಲ್ವಾ?” ಎಂದು ಯುಗಾದಿಯ ಊಟದ ಸಾಲಿನಲ್ಲಿ ಕೇಳುವ ನಮ್ಮ ಬಾಯಲ್ಲೂ ಅವರಿದ್ದಾರೆ. ಮದುವೆ ಬೇಡವೆಂದ ಹುಡುಗಿ, ವಿಚ್ಛೇದನ ಪಡೆದು ಒಬ್ಬಳೇ ಮಗನನ್ನು ಬೆಳೆಸುವ ತಾಯಿ, ಕೆಲಸ ಬಿಟ್ಟು ಮನೆ ನೋಡಿಕೊಳ್ಳುವ ಗಂಡ, ಇವರು ಕೂಟಗಳಿಗೆ ಬರುವುದನ್ನು ಒಂದೊಂದಾಗಿ ಬಿಡುತ್ತಾರೆ. ಜಗಳವಾಡಿ ಬಿಡುವುದಿಲ್ಲ. ಪ್ರಶ್ನೆಗೆ ಉತ್ತರಿಸಿ ಸಾಕಾಗಿರುತ್ತದೆ. ಅವರ ಪಕ್ಕ ಕುಳಿತು ಒಬ್ಬಟ್ಟು ಬಡಿಸಿಕೊಳ್ಳುತ್ತ ಹವಾಮಾನದ ಮಾತೋ ಸಿನಿಮಾದ ಮಾತೋ ಆಡಿದರೆ ಸಾಕಿತ್ತು. ಅದಕ್ಕೆ ಧೈರ್ಯವೂ ಬೇಡ.

ಮಕ್ಕಳ ವಿಷಯಕ್ಕೆ ಮತ್ತೆ ಬರಬೇಕು, ಯಾಕೆಂದರೆ ಅಲ್ಲಿ ಕಾಲ ಬೇಗ ಮೀರುತ್ತದೆ. ಹದಿನಾರರ ಹುಡುಗ ಜೂನಿಯರ್ ಕಾಲೇಜಿಗೆ ಹೋಗುವ ಅಂಕವಿದ್ದೂ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಓದುತ್ತೇನೆ, ವಿನ್ಯಾಸ ಕಲಿಯುತ್ತೇನೆ, ಇಲ್ಲವೇ ಅಡುಗೆ ಕಲಿಯುತ್ತೇನೆ ಎನ್ನುತ್ತಾನೆ. ಈ ದೇಶದಲ್ಲಿ ಅದು ಮರ್ಯಾದೆಯ ದಾರಿ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಲೂ ಬಾಗಿಲಿದೆ. ಆದರೆ ‘ಡಿಪ್ಲೊಮಾ’ ಎಂದ ಕೂಡಲೇ ನಮ್ಮ ಕಿವಿಗೆ ಕೇಳುವುದು ಪಿಯುಸಿಗೆ ಅಂಕ ಸಾಲದವರ ಕಥೆ. ಮನೆಯಲ್ಲಿ ಮೌನ ಕವಿಯುತ್ತದೆ, ಅಪ್ಪ ಅಮ್ಮನನ್ನು ನೋಡುತ್ತಾರೆ, ಅಮ್ಮ ಫೋನ್ ನೋಡುತ್ತಾರೆ. ಆ ಹುಡುಗನ ಆಯ್ಕೆ ಸರಿಯೇ ಇರಬೇಕೆಂದೇನಿಲ್ಲ, ಹದಿನಾರಕ್ಕೆ ತಪ್ಪುವ ಹಕ್ಕೂ ಇದೆ. ಅವನನ್ನು ಅಲ್ಲಮನ ಹಾಗೆ ಗಟ್ಟಿಯಾಗಿ ಪ್ರಶ್ನಿಸಲಿ: ಯಾಕೆ ಬೇಕು, ಎಷ್ಟು ದಿನದಿಂದ ಬೇಕು, ಕಷ್ಟ ಬಂದರೆ ಏನು ಮಾಡುತ್ತೀಯ. ಆದರೆ ಆ ಪ್ರಶ್ನೆಗಳಲ್ಲಿ ಶಿವಮೊಗ್ಗದ ಅತ್ತೆ ಏನಂದಾರು ಎಂಬುದು ಇರಬಾರದು. ಅವನು ಹೇಳಿದ ಉತ್ತರ ನಿಜವೆನಿಸಿದರೆ, “ನನಗೂ ಹಾಗೇ ಕಾಣ್ತಿದೆ ಕಣೋ” ಎಂದು ಮೊದಲು ಹೇಳಲು ಆ ಮನೆಯಲ್ಲಿ ಒಬ್ಬರು ಬೇಕು. ಅಪ್ಪನಾದರೂ ಸರಿ, ರಜೆಗೆಂದು ಬಂದ ಅಜ್ಜಿಯಾದರೂ ಸರಿ, ಮೇಲಿನ ಮಹಡಿಯ ಆಂಟಿಯಾದರೂ ಸರಿ. ಫಲಿತಾಂಶದ ಕಾಗದ ಕೈಗೆ ಬರುವವರೆಗೆ ಅದಕ್ಕೆ ಕಾಯಬೇಕಿಲ್ಲ, ಅವನಿಗೇನು ಬೇಕೆಂದು ಇವತ್ತು ರಾತ್ರಿಯ ಊಟದ ಹೊತ್ತಿಗೇ ಕೇಳಬಹುದು.